ಮಹಾಮಾರಿಯ ಅನಂತರ ಶಸ್ತ್ರಚಿಕಿತ್ಸೆಯ ಪುನರ್ವ್ಯವಸ್ಥೆ: ಇಂಗ್ಲೆಂಡಿನ ನಿದರ್ಶನ

ಮಹಾಮಾರಿಗಳ ಚರಿತ್ರೆಯನ್ನು ಬರೆಯುವವರು ಮೃತರ ಸಂಖ್ಯೆಯನ್ನು ಎಣಿಸುವುದು ವಾಡಿಕೆ. ಮಹಾಮಾರಿಯ ದೆಸೆಯಿಂದ ಅನ್ಯ ರೋಗಿಗಳಿಗೆ ಸಕಾಲದಲ್ಲಿ ದೊರೆಯದೆ ಹೋದ ಚಿಕಿತ್ಸೆಯೂ ಆ ಚರಿತ್ರೆಯ ಭಾಗವೇ ಆಗಿದೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಅನುಭವವು ಇದಕ್ಕೆ ಸಾಕ್ಷಿ.

ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು, ತಡವೆಂದರೆ ಏಪ್ರಿಲ್ 15ರಿಂದ, ಕನಿಷ್ಠ ಮೂರು ತಿಂಗಳು ಮುಂದೂಡಬೇಕೆಂದು 2020ರ ಮಾರ್ಚ್ 17ರಂದು ಆಸ್ಪತ್ರೆಗಳಿಗೆ ಸೂಚನೆ ಹೋಯಿತು. ಅನೇಕ ಕಡೆ ಶಸ್ತ್ರಕ್ರಿಯಾಗಾರಗಳೇ ತೀವ್ರನಿಗಾ ಘಟಕಗಳಾದವು. ಅರಿವಳಿಕೆ ತಜ್ಞರು ಅಲ್ಲಿಗೆ ತೆರಳಿದರು. ಈ ನಿಲುಗಡೆಗೆ ಕಾರಣವು ಕೇವಲ ಭೀತಿಯಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಪ್ರಕಟವಾದ, 24 ದೇಶಗಳ 1,128 ರೋಗಿಗಳನ್ನು ಕುರಿತ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಕೋವಿಡ್ ಸೋಂಕಿದ್ದವರಲ್ಲಿ ಶೇಕಡ 23.8 ಮಂದಿ ಮೂವತ್ತು ದಿನಗಳೊಳಗೆ ಮೃತಪಟ್ಟಿದ್ದರು.

ಪುನರಾರಂಭಕ್ಕೆ ಮೂರು ತತ್ತ್ವಗಳು ಆಧಾರವಾದವು. ಮೊದಲನೆಯದು ಆದ್ಯತೆ: 24 ಗಂಟೆಗಳೊಳಗೆ ಆಗಬೇಕಾದದ್ದು, 72 ಗಂಟೆಗಳೊಳಗೆ ಆಗಬೇಕಾದದ್ದು, ಒಂದು ತಿಂಗಳು ಕಾಯಬಹುದಾದದ್ದು, ಮೂರು ತಿಂಗಳು ಕಾಯಬಹುದಾದದ್ದು, ಅದಕ್ಕೂ ಮೀರಿ ಕಾಯಬಹುದಾದದ್ದು ಎಂದು ರೋಗಿಗಳನ್ನು ವಿಂಗಡಿಸಲಾಯಿತು. ಎರಡನೆಯದು ಕಾಲ: ಸೋಂಕು ತಗಲಿದ ಮೇಲೆ ಸಾಧ್ಯವಿದ್ದಲ್ಲಿ ಏಳು ವಾರ ತಡೆಯುವುದು ಕ್ಷೇಮವೆಂದು 2021ರಲ್ಲಿ ತಿಳಿದುಬಂತು. ಮೂರನೆಯದು ಸ್ಥಳ: ತುರ್ತುಚಿಕಿತ್ಸೆಯ ಒತ್ತಡಕ್ಕೆ ಸಿಕ್ಕದಂತೆ, ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳಿಗೆ ಪ್ರತ್ಯೇಕ ಕೇಂದ್ರಗಳನ್ನು ಬೆಳೆಸಲಾಯಿತು.

ಆದರೆ ಆದ್ಯತೆಯ ತತ್ತ್ವದಲ್ಲಿಯೇ ಒಂದು ಧರ್ಮಸಂಕಟವು ಅಡಗಿತ್ತು. ಸೊಂಟದ ಕೀಲು ಸವೆದ ವೃದ್ಧೆಯ ಪ್ರಾಣಕ್ಕೆ ಅಪಾಯವಿಲ್ಲ. ಆದಕಾರಣ ಆಕೆಯ ಸರದಿ ಹಿಂದೆ ಬೀಳುತ್ತದೆ. ಹೀಗೆ ಪದೇ ಪದೇ ಹಿಂದೆ ಬಿದ್ದರೆ ನಡೆದಾಡುವ ಶಕ್ತಿಯೂ ಸ್ವಾವಲಂಬನವೂ ಕುಂದುತ್ತವೆ. ಇದನ್ನು ಸರಿಪಡಿಸಲು 2022ರ ಫೆಬ್ರುವರಿಯ ಯೋಜನೆಯು ಕಾಯುವ ಅವಧಿಗೇ ಮಿತಿಯನ್ನು ಗೊತ್ತುಮಾಡಿತು: ಎರಡು ವರ್ಷಕ್ಕೂ ಮೀರಿದ ಕಾಯುವಿಕೆಯು ಆ ಜುಲೈ ವೇಳೆಗೆ ಕೊನೆಗಾಣಬೇಕೆಂಬುದು ಅದರ ಮೊದಲ ಗುರಿ. ಆ ಗುರಿ ಬಹುಮಟ್ಟಿಗೆ ಈಡೇರಿತು. ಆದರೂ ಶಸ್ತ್ರಚಿಕಿತ್ಸೆಯಲ್ಲದೆ ಇತರ ತಜ್ಞಚಿಕಿತ್ಸೆಗಳನ್ನೂ ಒಳಗೊಂಡ ಒಟ್ಟು ನಿರೀಕ್ಷಣಾ ಪಟ್ಟಿಯು ಮಹಾಮಾರಿಗೆ ಮುಂಚೆ ಸುಮಾರು 46 ಲಕ್ಷವಿದ್ದದ್ದು 2023ರ ಸೆಪ್ಟೆಂಬರಿನಲ್ಲಿ 77 ಲಕ್ಷವನ್ನು ಮೀರಿತು.

ಇದರಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಶಸ್ತ್ರಕ್ರಿಯಾಗಾರದ ಬಾಗಿಲನ್ನು ಮುಚ್ಚಲು ಒಂದು ಪತ್ರ ಸಾಕು. ಮತ್ತೆ ತೆರೆಯಲು ವರ್ಷಗಳು ಬೇಕು. ಎರಡನೆಯದಾಗಿ, 'ತುರ್ತಲ್ಲದ್ದು' ಎಂಬುದು ರೋಗದ ಸ್ಥಿರಲಕ್ಷಣವಲ್ಲ. ಕಾಲ ಕಳೆದಂತೆ ಅದೂ ತುರ್ತಾಗಬಲ್ಲದು. ಮುಂದಿನ ಮಹಾಮಾರಿಗೆ ಸಿದ್ಧರಾಗುವವರು ನಿಲ್ಲಿಸುವ ಕ್ರಮವನ್ನು ಗೊತ್ತುಮಾಡುವಾಗಲೇ ಪುನರಾರಂಭದ ಕ್ರಮವನ್ನೂ ಗೊತ್ತುಮಾಡಬೇಕಾದದ್ದು ಅವಶ್ಯಕ.