ಧಾರವಾಡದ ವಿದ್ಯಾರ್ಥಿ ನಿಲಯಗಳು ಮತ್ತು ಜಕ್ಕಲಿ ಸೀಮೆ

ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರಾದ ಜಕ್ಕಲಿಯು ಇಂದು ಗದಗ ಜಿಲ್ಲೆಯಲ್ಲಿದೆ. 1997ರಲ್ಲಿ ಈ ಜಿಲ್ಲೆ ರಚನೆಯಾಗುವವರೆಗೆ ಅದು ಧಾರವಾಡ ಜಿಲ್ಲೆಗೆ ಸೇರಿತ್ತು. ಈ ಭಾಗದವರಿಗೆ ಧಾರವಾಡವೆಂದರೆ ಕಚೇರಿಯ ಊರು ಮಾತ್ರವಲ್ಲ, ಕಾಲೇಜಿನ ಊರೂ ಹೌದು.

ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಪದವಿ ಶಿಕ್ಷಣಕ್ಕೆ ನೆಲೆ ದೊರೆತದ್ದು 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ. ಅರಟಾಳ ರುದ್ರಗೌಡರಂಥ ಮಹನೀಯರು ಇದಕ್ಕಾಗಿ ಶ್ರಮಿಸಿದರು. ಅದಕ್ಕೆ ಮುನ್ನ ಪದವಿ ಬಯಸಿದವರು ಪುಣೆ, ಮುಂಬಯಿಯ ದಾರಿ ಹಿಡಿಯಬೇಕಾಗಿತ್ತು. 1949ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯದ ಅಂಗಸಂಸ್ಥೆಯಾಗಿ ಈ ಕಾಲೇಜು ಮುಂದೆ ಬೆಳೆಯಿತು.

ಕಾಲೇಜೇನೋ ಹತ್ತಿರ ಬಂದಿತು. ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ? ಜಕ್ಕಲಿ, ನರೇಗಲ್ಲ, ಅಬ್ಬಿಗೇರಿಗಳದು ಮಳೆಯನ್ನೇ ನಂಬಿದ ಎರೆಭೂಮಿ. ಮಳೆ ಕೈಕೊಟ್ಟ ವರ್ಷ ಮಗನ ಕೋಣೆಯ ಬಾಡಿಗೆ, ಖಾನಾವಳಿಯ ಲೆಕ್ಕ ಎರಡೂ ಒಕ್ಕಲಿಗನ ಕೈಮೀರುತ್ತಿದ್ದವು. ಶುಲ್ಕಕ್ಕಿಂತ ಅನ್ನದ ಚಿಂತೆಯೇ ಓದನ್ನು ನಿಲ್ಲಿಸುತ್ತಿತ್ತು ಎಂದರೆ ತಪ್ಪಾಗಲಾರದು.

ಈ ಕೊರತೆಯನ್ನು ಮೊದಲು ಅರಿತವರಲ್ಲಿ ಮಠಗಳು ಪ್ರಮುಖವಾದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯವು ಹಳ್ಳಿಗಾಡಿನ ಅಸಂಖ್ಯ ವಿದ್ಯಾರ್ಥಿಗಳಿಗೆ ಆಸರೆಯಾಯಿತು. ಇಂಥ ನಿಲಯಗಳು ಸರಕಾರದ ಅನುದಾನಕ್ಕೆ ಕಾಯಲಿಲ್ಲ. ಭಕ್ತರಿಂದ ಊರೂರಲ್ಲಿ ಕೂಡಿಸಿದ ಕಾಳುಕಡಿಯೇ ಅವುಗಳ ಬಂಡವಾಳ. ಹಳೆ ಮೈಸೂರಿನಲ್ಲಿಯೂ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರು ನಗರದಲ್ಲಿ ಇದೇ ಉದ್ದೇಶದ ವಿದ್ಯಾರ್ಥಿ ನಿಲಯ ತೆರೆದರು. ಆದರೆ ಅಂದಿನ ಬೋರ್ಡಿಂಗುಗಳಲ್ಲಿ ಹಲವು ಒಂದೊಂದು ಸಮಾಜಕ್ಕೆ ಮೀಸಲಾಗಿದ್ದವು, ಎಲ್ಲ ಜಾತಿಯ ಹುಡುಗರಿಗೂ ಬಾಗಿಲು ಒಂದೇ ಬಗೆಯಲ್ಲಿ ತೆರೆದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಮುಂದೆ ನಡೆಸಿದ ಮೆಟ್ರಿಕ್ ನಂತರದ ನಿಲಯಗಳ ಮಹತ್ವ ಇರುವುದು ಇಲ್ಲಿಯೇ.

ಕಾಲೇಜು ಹಾಸ್ಟೆಲುಗಳ ಬದುಕು ಬೇರೆಯೇ. ಅನೇಕ ಕಡೆ ತಿಂಗಳ ಅಡುಗೆ ಖರ್ಚನ್ನು ಉಂಡವರೆಲ್ಲ ಹಂಚಿಕೊಳ್ಳುವುದು ರೂಢಿ. ಮೆಸ್ ಕಾರ್ಯದರ್ಶಿಯಾದ ವಿದ್ಯಾರ್ಥಿ ಸಂತೆ, ಕಿರಾಣಿ, ಲೆಕ್ಕಪತ್ರ ಎಲ್ಲವನ್ನೂ ಕಲಿಯುತ್ತಿದ್ದ, ಬೈಗುಳವನ್ನೂ ತಿನ್ನುತ್ತಿದ್ದ. ನಿಲಯದಲ್ಲಿ ಸ್ಥಳ ಸಿಗದವರು ನಾಲ್ಕೈದು ಜನ ಕೂಡಿ ಕೋಣೆ ಹಿಡಿಯುತ್ತಿದ್ದರು. ಅವರಿಗೆ ಊರಿನಿಂದ ಬುತ್ತಿ ಬರುವುದು ಬಸ್ಸಿನಲ್ಲಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಗಂಟನ್ನು ತಾಯಿ ಕಂಡಕ್ಟರನ ಕೈಗೆ ಕೊಟ್ಟರೆ ಅದು ನಿಲ್ದಾಣದಲ್ಲಿ ಕಾದ ಮಗನಿಗೆ ತಲಪುತ್ತಿತ್ತು. ಬಸ್ಸು ತಪ್ಪಿದ ದಿನ ಪಕ್ಕದ ಕೋಣೆಯವರ ಬುತ್ತಿಯೇ ಗತಿ.

ಹೆಣ್ಣುಮಕ್ಕಳ ಮಟ್ಟಿಗೆ ಈ ಪ್ರಶ್ನೆ ಇನ್ನೂ ಕಠಿಣವಾದುದು. ಗಂಡುಹುಡುಗರಂತೆ ಬಾಡಿಗೆ ಕೋಣೆಯಲ್ಲಿ ಇರಲು ಅವರನ್ನು ಕಳಿಸುವ ಪಾಲಕರು ವಿರಳ. ನಿಲಯದಲ್ಲಿ ಹೆಸರು ಬಂದರೆ ಓದು, ಇಲ್ಲವಾದರೆ ಮದುವೆ ಎಂಬ ಸ್ಥಿತಿ ಎಷ್ಟೋ ಮನೆಗಳಲ್ಲಿತ್ತು. ನಿಲಯಗಳಲ್ಲಿ ಪ್ರವೇಶ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರಕಾರ 2013-14ರಲ್ಲಿ ವಿದ್ಯಾಸಿರಿ ಯೋಜನೆ ತಂದು, ತಿಂಗಳಿಗೆ 1,500 ರೂ.ಗಳಂತೆ ಹತ್ತು ತಿಂಗಳು ಊಟ-ವಸತಿ ನೆರವು ನೀಡಲು ಆರಂಭಿಸಿತು. ಈ ಹಣದಿಂದ ಖಾನಾವಳಿಯ ಲೆಕ್ಕಕ್ಕೆ ಆಧಾರವಾಯಿತು. ಮಗಳನ್ನು ಕಳಿಸಲು ಹಿಂಜರಿಯುವ ತಂದೆ ಕೇಳುವುದು ಮಾತ್ರ ಇಂದಿಗೂ ನಿಲಯದಲ್ಲಿನ ಜಾಗವನ್ನೇ.