ಮೂರು ಸಂಸ್ಥಾನಗಳ ದಾರಿ

ರಬಕವಿಯ ನಮ್ಮ ಅಜ್ಜ ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಬೀಳಗಿಯ ಸೀಮೆಗೆ ಹೋಗಿ ಮಾರಿ ಬರುತ್ತಿದ್ದ. ಆ ದಾರಿಯನ್ನು ಒಮ್ಮೆಯಾದರೂ ತುಳಿಯಬೇಕೆಂಬ ಹಟ ನನಗೆ. ಹೋದ ಚಳಿಗಾಲ ಹೊರಟೆ.

1948ಕ್ಕೆ ಮೊದಲು ಇದು ಒಂದೇ ಆಳಿಕೆಯ ದಾರಿಯಾಗಿರಲಿಲ್ಲ. ರಬಕವಿ ಸಾಂಗಲಿ ಸಂಸ್ಥಾನದ್ದು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಸೀರೆ ಮಾರಲು ಹೊರಟ ನೇಕಾರನಿಗೆ ಒಂದೇ ಹಗಲಿನಲ್ಲಿ ನಾಲ್ಕು ದೊರೆತನಗಳು!

ಜಮಖಂಡಿಯ ಗುಡ್ಡದ ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಿದೆ. ರನ್ನನ ಮುಧೋಳದಲ್ಲಿ ಕಬ್ಬಿನ ಗಾಡಿಗಳಿಗೆ ದಾರಿ ಬಿಟ್ಟು ನಿಂತೆ. ಬೀಳಗಿ ದಾಟಿ, ಅಜ್ಜ ರಾತ್ರಿ ತಂಗುತ್ತಿದ್ದ ಹಳ್ಳಿ ಎಲ್ಲಿ ಎಂದು ಒಬ್ಬ ಮುದುಕರನ್ನು ಕೇಳಿದೆ. ಅವರು ಕೈಚಾಚಿ, "ಅಲ್ಲೇ ಐತಿ ನೋಡ್ರಿ, ನೀರಾಗ" ಎಂದರು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಅದು.

ಸಂಸ್ಥಾನಗಳು ಅಳಿದಾಗ ಗಡಿ ಹೋಯಿತು, ದಾರಿ ಉಳಿಯಿತು. ಇಲ್ಲಿ ದಾರಿಯೇ ನೀರಿಗಿಳಿದಿದೆ. ಅಂಚಿನಲ್ಲಿ ನಿಂತು ಸೈಕಲ್ಲಿನ ಗಂಟೆ ಬಾರಿಸಿದೆ. ಹಿಂದಿರುಗುವಾಗ ಅದೇ ಏರು ಇನ್ನಷ್ಟು ಉದ್ದವೆನಿಸಿತು.