ಕ್ವಾಂಟಂ ಕಥೆಗಳಿಗೆ ಮೂಡಿಗೆರೆಯ ದಾರಿ

1935ರ ಕೊನೆಯಲ್ಲಿ ಎರ್ವಿನ್ ಶ್ರೋಡಿಂಗರ್ ಜರ್ಮನಿಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪೆಟ್ಟಿಗೆಯೊಳಗಿನ ಬೆಕ್ಕಿನ ಮಾತೆತ್ತಿದರು. ವಿಕಿರಣಶೀಲ ಪರಮಾಣು ಒಡೆದರೆ ವಿಷದ ಸೀಸೆ ಒಡೆಯುತ್ತದೆ, ಬೆಕ್ಕು ಸಾಯುತ್ತದೆ. ಮುಚ್ಚಳ ತೆಗೆಯುವತನಕ ಪರಮಾಣು ಒಡೆದೂ ಇದೆ, ಒಡೆಯದೆಯೂ ಇದೆ ಎನ್ನುವುದಾದರೆ ಬೆಕ್ಕಿನ ಗತಿಯೇನು? ಅದೇ ಚಳಿಗಾಲದಲ್ಲಿ ಮ್ಯಾಕ್ಸ್ ಬಾರ್ನ್ ಬೆಂಗಳೂರಿನಲ್ಲಿದ್ದರು. ಕ್ವಾಂಟಂ ಲೆಕ್ಕದಿಂದ ಸಿಗುವುದು ಸಂಭವನೀಯತೆ ಮಾತ್ರ ಎಂದು 1926ರಲ್ಲಿ ವಿವರಿಸಿದವರು ಅವರೇ. ಹಿಟ್ಲರನ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡಿದ್ದ ಅವರನ್ನು ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು. ಇಲ್ಲೇ ಉಳಿಸಿಕೊಳ್ಳುವ ರಾಮನ್ ಪ್ರಯತ್ನ ಫಲಿಸದೆ ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು.

ವಿಜ್ಞಾನ ನಮ್ಮ ನಾಡಿನ ಬಾಗಿಲಿಗೆ ಅಷ್ಟು ಬೇಗ ಬಂದಿತ್ತು. ಕಥೆ ಬರುವುದು ತಡವಾಯಿತು.

ಹೊರಗೆ ಕಥೆಗಾರರು ಭೌತವಿಜ್ಞಾನಿಗಳಿಗಾಗಿ ಕಾಯಲಿಲ್ಲ. ಅಮೆರಿಕದ ಮರ್ರೆ ಲೀನ್‌ಸ್ಟರ್ 1934ರಲ್ಲೇ ಬೇರೆ ಬೇರೆ ಇತಿಹಾಸಗಳು ಒಂದರ ಪಕ್ಕ ಒಂದು ಹರಿಯುವ ಕಥೆ ಬರೆದರು. 1941ರಲ್ಲಿ ಅರ್ಜೆಂಟೀನಾದ ಬೋರ್ಹೆಸ್ ಪ್ರತಿ ಆಯ್ಕೆಯಲ್ಲೂ ಕವಲೊಡೆಯುವ ಕಾಲವನ್ನು ಕಲ್ಪಿಸಿದರು. ಅಳತೆ ಮಾಡಿದಾಗಲೆಲ್ಲ ಜಗತ್ತು ಕವಲಾಗುತ್ತದೆ, ಎಲ್ಲ ಫಲಿತಾಂಶಗಳೂ ಎಲ್ಲೋ ನಡೆದೇ ನಡೆಯುತ್ತವೆ ಎಂಬ ಅರ್ಥ ಬರುವ ಪ್ರಬಂಧವನ್ನು ಹ್ಯೂ ಎವೆರೆಟ್ ಪ್ರಕಟಿಸಿದ್ದು 1957ರಲ್ಲಿ. ಅಲ್ಲಿಂದ ಮುಂದೆ ಈ ಬಗೆಯ ಕಥೆಗಳಿಗೆ ಭೌತವಿಜ್ಞಾನದ ಆಧಾರ ಸಿಕ್ಕಿತು. ಜೊತೆಗೆ ಒಂದು ಅಪಾಯವೂ ಬಂತು. ಏನು ಬೇಕಾದರೂ ಆಗಬಹುದು ಎಂದ ಮೇಲೆ ಯಾವುದು ಆದರೂ ಏನಂತೆ ಎಂದು ಓದುಗ ಕೇಳಬಹುದು.

ಆ ಅಪಾಯವನ್ನೇ ವಸ್ತುವಾಗಿ ತೆಗೆದುಕೊಂಡವರು ಲ್ಯಾರಿ ನಿವೆನ್. 1968ರ ಅವರ ಕಥೆಯಲ್ಲಿ ಪಕ್ಕದ ಜಗತ್ತುಗಳಿಗೆ ಹೋಗಿಬರುವ ದಾರಿ ತೆರೆದ ಮೇಲೆ ಊರಿನಲ್ಲಿ ಆತ್ಮಹತ್ಯೆಗಳೂ ಕಾರಣವಿಲ್ಲದ ಅಪರಾಧಗಳೂ ಹೆಚ್ಚುತ್ತವೆ. ತನ್ನ ಪ್ರತಿ ನಿರ್ಧಾರದ ವಿರುದ್ಧ ನಿರ್ಧಾರವನ್ನೂ ಇನ್ನೊಬ್ಬ ತಾನೇ ತೆಗೆದುಕೊಂಡಿದ್ದಾನೆ ಎಂದು ತಿಳಿದ ಮನುಷ್ಯನಿಗೆ ನಿರ್ಧಾರದ ಭಾರವೇ ಉಳಿಯುವುದಿಲ್ಲ. ಆಸ್ಟ್ರೇಲಿಯಾದ ಗ್ರೆಗ್ ಈಗನ್ 1992ರ ಕಾದಂಬರಿಯಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿ ಮನುಷ್ಯರು ನೋಡಿದ್ದರಿಂದಲೇ ಆಕಾಶದ ಅಸಂಖ್ಯ ಸಾಧ್ಯತೆಗಳು ಕುಸಿದು ಒಂದಾಗುತ್ತವೆ. ಆ ಸಾಧ್ಯತೆಗಳಲ್ಲೇ ಬದುಕುವ ಜೀವಿಗಳು ತಮ್ಮನ್ನು ಉಳಿಸಿಕೊಳ್ಳಲು ಸೌರಮಂಡಲಕ್ಕೆ ಕತ್ತಲೆಯ ಮುಸುಕು ಹಾಕುತ್ತವೆ. ಈ ಇಬ್ಬರೂ ಒಂದು ನಿಯಮವನ್ನು ಒಪ್ಪಿಕೊಂಡು, ಅದರಿಂದ ತಮ್ಮ ಕೈಯನ್ನೇ ಕಟ್ಟಿಕೊಂಡರು. ಕ್ವಾಂಟಂ ಕಥೆಯನ್ನು ನಾನು ಅಳೆಯುವುದು ಇದರಿಂದಲೇ: ನಿಯಮ ಬರಹಗಾರನಿಗೆ ಅಡ್ಡ ಬಂದಾಗ ಕಥೆ ಏಳುತ್ತದೆ, ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈಯಾದಾಗ ಬೀಳುತ್ತದೆ.

ಸಿನಿಮಾ ಹೆಚ್ಚಾಗಿ ಎರಡನೆಯ ದಾರಿ ಹಿಡಿದಿದೆ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ಪ್ಲಾಂಕ್ ಸ್ಕೇಲ್, ಭೌತವಿಜ್ಞಾನಿ ಡೇವಿಡ್ ಡಾಯ್ಚ್ ಹೆಸರು ಒಂದೇ ಉಸಿರಿನಲ್ಲಿ ಬಂದುಹೋಗುತ್ತವೆ, ಮರುಕ್ಷಣ ಎಲ್ಲರೂ ಹಿಂದಿನ ಕಾಲಕ್ಕೆ ಹೊರಟು ನಿಂತಿರುತ್ತಾರೆ. 2013ರ ‘ಕೊಹಿರೆನ್ಸ್’ ಇದಕ್ಕೆ ತದ್ವಿರುದ್ಧ. ಜೇಮ್ಸ್ ವಾರ್ಡ್ ಬರ್ಕಿಟ್ ಅದನ್ನು ತಮ್ಮ ಮನೆಯಲ್ಲೇ, ಕೆಲವೇ ರಾತ್ರಿಗಳಲ್ಲಿ, ನಟರಿಗೆ ಪೂರ್ತಿ ಚಿತ್ರಕಥೆ ಕೊಡದೆ ತೆಗೆದರು. ಧೂಮಕೇತು ಹಾದುಹೋಗುವ ರಾತ್ರಿ, ಊಟಕ್ಕೆ ಸೇರಿದ ಎಂಟು ಮಂದಿ, ಹೋದ ಕರೆಂಟು, ದೂರದಲ್ಲಿ ದೀಪ ಉರಿಯುವ ಇನ್ನೊಂದು ಮನೆ. ಆ ಮನೆಯಲ್ಲಿರುವವರೂ ತಾವೇ. ಕಳಸದ ಒಂದು ಹೋಂಸ್ಟೇ ಮತ್ತು ಆಷಾಢದ ಒಂದು ಮಳೆ ರಾತ್ರಿ ಸಿಕ್ಕರೆ ಈ ಚಿತ್ರಕ್ಕೆ ಬೇಕಾದ ಸೆಟ್ಟೆಲ್ಲ ಸಿಕ್ಕಂತೆ. ದುಡ್ಡಿಲ್ಲದ ಕಾರಣಕ್ಕೆ ಕನ್ನಡದಲ್ಲಿ ಇಂಥ ಸಿನಿಮಾ ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ತೆರೆಯ ಚರಿತ್ರೆ ಚಿಕ್ಕದು. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಕಾಪಾಡಬೇಕಾದದ್ದು ಲೋಹವನ್ನು ಚಿನ್ನ ಮಾಡುವ ಸೂತ್ರವನ್ನು. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ಯಂತ್ರಮಾನವರಾದರು. 2013ರಲ್ಲಿ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಸೇರಿಸಿ ತೆಗೆದ ‘ಲೂಸಿಯಾ’ದಲ್ಲಿ ಕ್ವಾಂಟಂ ಸುದ್ದಿಯಿಲ್ಲ, ಚಿತ್ರಮಂದಿರದಲ್ಲಿ ಟಾರ್ಚು ಬಿಡುವ ಹುಡುಗ ಒಂದು ಮಾತ್ರೆಯ ಬಲದಿಂದ ಎರಡು ಬದುಕು ನಡೆಸುತ್ತಾನೆ. ಆದರೂ ಎರಡು ಸ್ಥಿತಿಗಳು ಒಟ್ಟಿಗೆ ನಿಲ್ಲುವುದನ್ನು ಕನ್ನಡದ ಪ್ರೇಕ್ಷಕ ಸಲೀಸಾಗಿ ಹಿಡಿಯಬಲ್ಲ ಎಂದು ತೋರಿಸಿಕೊಟ್ಟ ಚಿತ್ರ ಅದು. 2024ರಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ ‘ಬ್ಲಿಂಕ್’ ರೆಪ್ಪೆ ಮಿಟುಕಿಸದ ಕಣ್ಣಿಗೆ ಕಾಲಪ್ರಯಾಣವನ್ನು ಗಂಟುಹಾಕಿತು. ಕಣ್ಣು ಮುಚ್ಚಿದರೆ ಪ್ರಯಾಣ ಮುಗಿಯಿತು ಎಂಬ ಕಟ್ಟುಪಾಡು ಅಲ್ಲಿದೆ. ಆ ಕಟ್ಟುಪಾಡಿಗಾಗಿಯೇ ನನಗೆ ಆ ಚಿತ್ರ ಇಷ್ಟ.

ಪುಸ್ತಕಗಳ ಕಡೆ ರಾಜಶೇಖರ ಭೂಸನೂರಮಠರು ಕನ್ನಡ ವೈಜ್ಞಾನಿಕ ಕಥೆಗೆ ದಾರಿ ಹಾಕಿದವರಲ್ಲಿ ಮುಖ್ಯರು. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದಿಂದ ಜಿ.ಟಿ. ನಾರಾಯಣರಾಯರವರೆಗೆ ವಿಜ್ಞಾನವನ್ನು ತಿಳಿಗನ್ನಡದಲ್ಲಿ ಹೇಳಿದವರ ಸಾಲು ದೊಡ್ಡದಿದೆ. ಕ್ವಾಂಟಂ ಅನಿಶ್ಚಿತತೆಯನ್ನೇ ನೇರವಾಗಿ ಕಥೆಗೆ ತಂದದ್ದಕ್ಕೆ ಪಕ್ಕದ ಮರಾಠಿಯ ಕಡೆ ನೋಡಬೇಕು. ಖಭೌತವಿಜ್ಞಾನಿ ಜಯಂತ ನಾರಳೀಕರರ ಕಥೆಯೊಂದರಲ್ಲಿ ಇತಿಹಾಸದ ಪ್ರೊಫೆಸರ್ ಗಾಯತೊಂಡೆ ಲಾರಿಗೆ ಡಿಕ್ಕಿಯಾಗಿ, 1761ರ ಪಾಣಿಪತ್ ಯುದ್ಧವನ್ನು ಮರಾಠರು ಗೆದ್ದ ಜಗತ್ತಿಗೆ ಹೋಗಿ ಬೀಳುತ್ತಾರೆ. ಎರಡೂ ಜಗತ್ತುಗಳ ನಡುವೆ ಇರುವುದು ಒಂದು ಗುಂಡು: ಇಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ತಗುಲಿದ್ದು ಅಲ್ಲಿ ಕಿವಿಯ ಪಕ್ಕ ಹಾದುಹೋಗಿದೆ. ಈ ಕಥೆ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಇಂಗ್ಲಿಷ್ ಪಠ್ಯವಾಗಿ ನಮ್ಮ ಮಕ್ಕಳನ್ನೂ ಮುಟ್ಟಿದೆ. ಎಲೆಕ್ಟ್ರಾನಿನ ನಿಯಮವನ್ನು ಬಂದೂಕಿನ ಗುಂಡಿಗೆ ಅನ್ವಯಿಸುವುದು ದೊಡ್ಡ ಜಿಗಿತ, ನಿಜ. ಆದರೆ ಅದನ್ನು ತಮ್ಮ ನಾಡಿನ ಗಾಯವೊಂದರ ಮೇಲೆ ಜಿಗಿದರಲ್ಲ, ಅದು ನಾರಳೀಕರರ ಧೈರ್ಯ.

ತಮ್ಮ ನೆಲದಲ್ಲಿ ನಿಂತು ವಿಜ್ಞಾನದ ಕಥೆ ಹೇಳುವ ಈ ಕೆಲಸ ಕನ್ನಡದಲ್ಲಿ ಆದದ್ದು ಮೂಡಿಗೆರೆಯಲ್ಲಿ. 1980ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂತು. ಕಾಲದ ಆಳದಿಂದ ಉಳಿದುಬಂದ ಹಾರುವ ಓತಿಯ ಹುಡುಕಾಟ ಅದರ ವಸ್ತು. ಜೀವವಿಕಾಸದ ಕಾದಂಬರಿ, ಕ್ವಾಂಟಂ ಜೊತೆ ನೇರ ನಂಟಿಲ್ಲ. ಹಾಗಿದ್ದೂ ಕ್ವಾಂಟಂ ಕಥೆ ಬರೆಯಹೊರಟ ಕನ್ನಡಿಗ ಮೊದಲು ಓದಬೇಕಾದ ಪುಸ್ತಕ ಅದೇ ಎನ್ನುತ್ತೇನೆ. ಅಲ್ಲಿ ವಿಜ್ಞಾನ ಶುರುವಾಗುವುದು ಜೇನು ಸೊಸೈಟಿಯಿಂದ. ವಿಜ್ಞಾನಿ ಕರ್ವಾಲೊ ಗೌರವಿಸುವುದು ಊರವರ ಲೆಕ್ಕಕ್ಕೇ ಇಲ್ಲದ ಮಂದಣ್ಣನನ್ನು, ಏಕೆಂದರೆ ಕಾಡಿನಲ್ಲಿ ಆ ಜೀವಿಯನ್ನು ಕಂಡ ಕಣ್ಣು ಅವನದು. ನೋಡುವವನು ಯಾರು, ಅವನ ನೋಟಕ್ಕೆ ಬೆಲೆ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ತೇಜಸ್ವಿ ಜಾತಿ, ಬಡತನ, ಪೊಲೀಸ್ ಕೇಸುಗಳ ನಡುವೆ ತಂದು ನಿಲ್ಲಿಸಿದರು. ವೀಕ್ಷಕನನ್ನು ಕುರಿತು ಪುಟಗಟ್ಟಲೆ ಬರೆಯುವ ಪಶ್ಚಿಮದ ಕ್ವಾಂಟಂ ಕಥೆಗಳಲ್ಲಿ ಈ ಪ್ರಶ್ನೆ ನನಗೆ ಅಪರೂಪಕ್ಕೆ ಸಿಕ್ಕಿದೆ. ಕೊನೆಗೆ ಓತಿ ಕೈಗೆ ಸಿಗದೆ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಹಿಡಿದು ತರುವುದು ಕಾದಂಬರಿಕಾರನಿಗೆ ಸುಲಭವಿತ್ತು. ತೇಜಸ್ವಿ ಆ ಸುಲಭಕ್ಕೆ ಒಲಿಯಲಿಲ್ಲ. 2007ರಲ್ಲಿ ತೀರಿಕೊಳ್ಳುವತನಕ ಅವರು ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದರು, ಮಿಲೆನಿಯಂ ಪುಸ್ತಕಮಾಲೆ ಬರೆದರು, ಕನ್ನಡ ತಂತ್ರಾಂಶಕ್ಕಾಗಿ ಜಗಳವಾಡಿದರು.

ಅವರು ನಿಲ್ಲಿಸಿದಲ್ಲಿಂದ ಕ್ವಾಂಟಂ ಕಡೆಗೆ ಒಂದು ಕಾಲುದಾರಿ ಇದೆ, ಅದೂ ಹಕ್ಕಿಗಳ ಮೂಲಕ. ಯುರೋಪಿನ ರಾಬಿನ್ ಹಕ್ಕಿ ವಲಸೆಯಲ್ಲಿ ಭೂಮಿಯ ಕಾಂತಕ್ಷೇತ್ರವನ್ನು ಹಿಡಿಯುವುದು ಹೇಗೆ? ಅದರ ಕಣ್ಣಿನ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನಲ್ಲಿ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳ ಜೋಡಿ ಹುಟ್ಟುತ್ತದೆ, ಅವುಗಳ ಸ್ಪಿನ್ ಎಂಬ ಕ್ವಾಂಟಂ ಗುಣದ ಮೇಲೆ ಕಾಂತಕ್ಷೇತ್ರದ ಪ್ರಭಾವವಿರುತ್ತದೆ ಎನ್ನುವುದು ಈಗ ಬಲವಾಗಿರುವ ಊಹೆ. ಈ ಬಗೆಯ ದಿಕ್ಸೂಚಿಯನ್ನು ಭೌತವಿಜ್ಞಾನಿ ಕ್ಲಾಸ್ ಶುಲ್ಟೆನ್ 1978ರಲ್ಲೇ ಸೂಚಿಸಿದ್ದರು. ಚಳಿಗಾಲಕ್ಕೆ ನಮ್ಮ ತೋಟದ ಹಳ್ಳಗಳಿಗೆ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬರುತ್ತದೆ. ರಾಬಿನ್ನಿನಿಂದ ಸಿಪಿಲೆಗೆ ದಾಟುವುದು ಕಥೆಗಾರನ ಕೆಲಸ.

ನಿಯಮ ಅಡ್ಡ ಬರುವುದು ಇಲ್ಲೇ. ಗುಡ್ಡದ ಮೇಲೊಂದು ಮೊಬೈಲ್ ಟವರ್ ಎದ್ದು ಹಕ್ಕಿ ದಾರಿ ತಪ್ಪಿತು ಎಂದು ಬರೆಯಲು ಕೈ ತುರಿಸುತ್ತದೆ. ಜರ್ಮನಿಯ ಓಲ್ಡೆನ್‌ಬರ್ಗ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರಾಬಿನ್ನುಗಳ ದಿಕ್ಕು ಕೆಡಿಸಿದ್ದು 50 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್ ನಡುವಿನ ವಿದ್ಯುತ್ಕಾಂತೀಯ ಗದ್ದಲ. ಹಕ್ಕಿಗಳಿದ್ದ ಮರದ ಗುಡಿಸಲಿಗೆ ಅಲ್ಯುಮಿನಿಯಂ ತಗಡು ಹೊದಿಸಿ ಭೂಮಿಗೆ ತಂತಿ ಕೊಟ್ಟಾಗ ಅವು ಸರಿಯಾದ ದಿಕ್ಕು ಹಿಡಿದವು. ಮೊಬೈಲ್ ಅಲೆಗಳು ಇದಕ್ಕಿಂತ ನೂರಾರು ಪಟ್ಟು ಮೇಲಿವೆ. ಆ ಪಟ್ಟಿಯೊಳಗೆ ಬರುವುದು ಮಧ್ಯಮ ತರಂಗದ ರೇಡಿಯೋ: ದಶಕಗಳಿಂದ ಮಲೆನಾಡಿನ ಮನೆಗಳು ಕಿವಿಗೊಟ್ಟ ಭದ್ರಾವತಿ ಆಕಾಶವಾಣಿ ಅಂಥದ್ದು. ಹಾಗಾದರೆ ಕಥೆಯಲ್ಲಿ ಹಕ್ಕಿಗೆ ಅಡ್ಡ ಬರುವುದು ಊರವರೆಲ್ಲ ಪ್ರೀತಿಸುವ ದನಿಯೇ ಆಗಬೇಕಾಗುತ್ತದೆ. ಟವರಿನ ಖಳನಿಗಿಂತ ಇದು ಎಷ್ಟೋ ಕಷ್ಟದ ಕಥೆ. ಬರೆಯಬೇಕಾದ ಕಥೆಯೂ ಇದೇ.